ಕೋಳಿಯ ಎದೆ ಒರೆಸಿದರೆ ಸಾಲದು

ಮದುವೆ ಊಟ ಉಂಡವರ ಹೊಟ್ಟೆ ಕೆಟ್ಟರೆ ಊರಿನವರು ಮೊದಲು ಎತ್ತುವುದು ಅಡುಗೆಯವಳ ಹೆಸರು. ನಮ್ಮ ಹಳ್ಳಿ ಕಿತುಲ್‌ವೆವದಲ್ಲೂ ಹಾಗೇ ಆಯಿತು.

ಹೇರತ್ ಅವರ ಮಗನ ಮದುವೆಯಾಗಿ, ಹೆಣ್ಣಿನ ಕಡೆಯವರು ಗಂಡಿನ ಮನೆಗೆ ಮೊದಲ ಊಟಕ್ಕೆ ಬಂದಿದ್ದರು. ಅರಿಶಿನದ ಅನ್ನ, ಕೋಳಿ ಸಾರು, ಗೋಡಂಬಿ ಪಲ್ಯ, ಸೌತೆಕಾಯಿ ಕೋಸಂಬರಿ. ಅಡುಗೆ ಸೀಲಾವತಿಯದು. ಆಕೆ ಸೌಟು ಹಿಡಿದರೆ ಪಕ್ಕದ ಊರಿನವರೂ ಕರೆಯದೇ ಬರುತ್ತಾರೆ ಅಂತ ನಾವು ತಮಾಷೆ ಮಾಡುತ್ತಿದ್ದೆವು. ಅಂದು ಎಲ್ಲರೂ ಬೆರಳು ಚೀಪಿಕೊಂಡು ಉಂಡರು. ಮಾರನೇ ದಿನ ಒಬ್ಬೊಬ್ಬರಾಗಿ ಮಲಗಿದರು. ವಾಂತಿ, ಭೇದಿ, ಜ್ವರ. ಹೇರತ್ ಅವರ ವಯಸ್ಸಾದ ತಾಯಿಯನ್ನು ಪಟ್ಟಣದ ಆಸ್ಪತ್ರೆಗೆ ಸೇರಿಸಬೇಕಾಯಿತು. ಹೊಸ ಸೊಸೆ ಅತ್ತೆಮನೆಯ ಹೊಸಿಲು ದಾಟಿದ ಮೊದಲ ವಾರವೇ ಅಜ್ಜಿಯ ಹಾಸಿಗೆ ಪಕ್ಕ ಕುರ್ಚಿಯಲ್ಲಿ ಕಳೆದಳು.

ಆರೋಗ್ಯ ಇನ್ಸ್‌ಪೆಕ್ಟರ್ ಬಂದು ಉಳಿದ ಊಟವನ್ನೆಲ್ಲ ಪರೀಕ್ಷೆಗೆ ಒಯ್ದರು. ಕೋಳಿ ಸಾರಿನಲ್ಲಿ ಏನೂ ಸಿಗಲಿಲ್ಲ. ಸಿಕ್ಕಿದ್ದು ಸೌತೆಕಾಯಿ ಕೋಸಂಬರಿಯಲ್ಲಿ. ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ, ಕಣ್ಣಿಗೆ ಕಾಣದ ರೋಗಾಣು.

ಅಷ್ಟು ಸಾಕಾಯಿತು ಊರಿಗೆ. "ಸೀಲಾ ಕೈ ತೊಳ್ಕೊಂಡಿಲ್ಲ" ಅಂದರು. ಮುಂದಿನ ಮದುವೆಗೆ ಗೊತ್ತು ಮಾಡಿದ್ದವರು ಬೇರೆಯವರನ್ನು ಕರೆಸಿಕೊಂಡರು. ಸೀಲಾ ನೀರು ತರಲು ಬಂದರೆ ಬಾವಿಕಟ್ಟೆಯಲ್ಲಿ ಮಾತು ನಿಲ್ಲುತ್ತಿತ್ತು.

ನಾನು ಯಸವತಿ. ಡಿಂಗಿರಿ ಬಂಡಾ ಅಯ್ಯನ ಕೋಳಿ ಶೆಡ್ಡಿನಲ್ಲಿ ಕೆಲಸ ಮಾಡುತ್ತೇನೆ. ಸುತ್ತಮುತ್ತಲ ಫಾರಂಗಳ ಕೋಳಿ ನಮ್ಮಲ್ಲಿಗೆ ಬರುತ್ತವೆ. ಕೊಯ್ದು, ಬಿಸಿನೀರಿಗೆ ಅದ್ದಿ, ಮೆಷಿನ್ನಿಗೆ ಹಾಕಿ ಪುಕ್ಕ ತೆಗೆದು, ಕರುಳು ತೆಗೆದು, ಐಸ್ ನೀರಿನ ತೊಟ್ಟಿಗೆ ಹಾಕಿ, ಕೊನೆಗೆ ಚೀಲಕ್ಕೆ ತುಂಬುತ್ತೇವೆ. ಹೇರತ್ ಅವರ ಮನೆಗೂ ನಮ್ಮ ಶೆಡ್ಡಿನ ಕೋಳಿಯೇ ಹೋಗಿತ್ತು. ಬಂಡಾ ಅಯ್ಯನ ಹೆಂಡತಿ ಪಿಯಸೀಲಿ ಅಕ್ಕ. ಆ ಪಿಯಸೀಲಿ ಅಕ್ಕನ ಒಡಹುಟ್ಟಿದ ತಂಗಿಯೇ ಅಡುಗೆ ಸೀಲಾ.

ಹಾಗಾಗಿ ಜಗಳ ಶೆಡ್ಡಿನೊಳಗೇ ಬಂತು.

"ನನ್ನ ತಂಗಿ ಇಪ್ಪತ್ತು ವರ್ಷದಿಂದ ಊರಿಗೆ ಅನ್ನ ಬಡಿಸ್ತಿದಾಳೆ. ಯಾವತ್ತಾದ್ರೂ ಒಬ್ಬರ ಹೊಟ್ಟೆ ಕೆಟ್ಟಿತ್ತಾ?" ಅಂದಳು ಅಕ್ಕ.

"ನಾನೇನು ಅವಳನ್ನ ಬೈದ್ನಾ? ಸಾರಲ್ಲಿ ಏನೂ ಸಿಕ್ಕಿಲ್ಲ ಅಂತ ಇನ್ಸ್‌ಪೆಕ್ಟರೇ ಹೇಳಿದಾರೆ. ಸೌತೆಕಾಯಿ ನಾನು ಹೆಚ್ಚಿಲ್ಲವಲ್ಲ!" ಅಂದ ಅಯ್ಯ. ಗೋಡೆಗೆ ನೇತುಹಾಕಿದ ಕಾಗದಕ್ಕೆ ಬೆರಳು ತೋರಿಸಿದ. "ನೋಡು, ಪರೀಕ್ಷೆ ಮಾಡಿಸಿದೀನಿ. ನನ್ನ ಕೋಳಿ ಶುದ್ಧ."

ಅವತ್ತಿಂದ ಅಕ್ಕ ಅಯ್ಯನ ಚಹಾದ ಜೊತೆ ಬೆಲ್ಲದ ತುಂಡು ಇಡಲಿಲ್ಲ. ತಾನೇ ಎದ್ದು ಡಬ್ಬಿ ಹುಡುಕಬೇಕಾಯಿತು.

ನಮ್ಮ ಎದುರು ಮನೆಯ ಸೊಸೆ ನಿಲ್ಮಿಣಿ. ಪಟ್ಟಣದ ಪಶುವೈದ್ಯ ಪ್ರಯೋಗಾಲಯದಲ್ಲಿ ಕೆಲಸ. ಮೊಟ್ಟೆ, ಮಾಂಸ, ಹಾಲು ಎಲ್ಲ ಪರೀಕ್ಷೆ ಮಾಡುವುದೇ ಅವಳ ದಿನದ ಕೆಲಸ. ಒಂದು ಭಾನುವಾರ ಕೋಳಿ ಕೊಳ್ಳಲು ಬಂದಳು. ಅಕ್ಕನ ಮುಖ ನೋಡಿ, ವಿಷಯ ಕೇಳಿ, ಅಲ್ಲೇ ಮಣೆ ಎಳೆದುಕೊಂಡು ಕೂತಳು.

"ಅಯ್ಯಾ, ಒಂದು ಕೇಳ್ತೀನಿ. ಆ ಸೌತೆಕಾಯಿ ಯಾರು ತಂದ್ರು?"

"ನಾನೇ. ಸಂತೆಯಿಂದ. ಸೀಲಾನೇ ಹೇಳಿದ್ಲು, ಬರ್ತಾ ತನ್ನಿ ಅಂತ."

"ಕೋಳಿ?"

"ಅದೂ ಅದೇ ಆಟೋದಲ್ಲಿ."

"ಯಾವುದು ಮೇಲಿತ್ತು, ಯಾವುದು ಕೆಳಗಿತ್ತು?"

ಅಯ್ಯ ತಲೆ ಕೆರೆದುಕೊಂಡ. "ಬುಟ್ಟಿ ಕೆಳಗೆ. ಕೋಳಿ ಚೀಲ ಮೇಲೆ. ಜಾಗ ಎಲ್ಲಿತ್ತು?"

"ಚೀಲದಿಂದ ನೀರು ಸೋರ್ತಿತ್ತಾ?"

"ಐಸ್ ನೀರಿಂದ ತೆಗೆದ ಕೋಳಿ, ಸೋರದೇ ಇರುತ್ತಾ? ಸೋರಲಿ ಬಿಡು. ಶುದ್ಧವಾದ ಕೋಳಿಯ ನೀರು ಬಿದ್ದರೆ ಸೌತೆಕಾಯಿ ಹೇಗೆ ಕೆಡುತ್ತೆ? ಪರೀಕ್ಷೆ ಆಗಿದೆ ಅಂದ್ನಲ್ಲ!"

"ಪರೀಕ್ಷೆ ಆಗಿದೆ, ಸರಿ. ಹೇಗೆ ಮಾಡಿದ್ರು?"

ಈ ಪ್ರಶ್ನೆ ನಮಗೆ ಯಾರಿಗೂ ಹೊಳೆದೇ ಇರಲಿಲ್ಲ. ಪರೀಕ್ಷೆ ಅಂದರೆ ಪರೀಕ್ಷೆ, ಅದರಲ್ಲಿ ಹೇಗೆ ಅನ್ನುವುದು ಬೇರೆ ಇರುತ್ತದಾ?

ಅಯ್ಯ ಹೆಮ್ಮೆಯಿಂದಲೇ ಹೇಳಿದ. "ಪರೀಕ್ಷೆಯವರು ಬರ್ತಾರೆ ಅಂತ ಮೊದಲೇ ಗೊತ್ತಿತ್ತು. ಬೆಳಗಿನ ಮೊದಲ ಕೋಳೀನೇ ಆರಿಸಿದೆ, ಚೆನ್ನಾಗಿ ಮೈ ತುಂಬ್ಕೊಂಡಿದ್ದು. ಕಾಯಿಸಿದ ನೀರಲ್ಲಿ ತೊಳೆದೆ. ನಿಂಬೆಹುಳಿ ಸವರಿದೆ. ಅವರು ಒಂದು ಹತ್ತಿ ಕಡ್ಡಿ ತಂದು ಎದೆ ಮೇಲೆ ಉಜ್ಜಿಕೊಂಡು ಹೋದ್ರು."

ನಿಲ್ಮಿಣಿ ನಗು ತಡೆದುಕೊಂಡಳು. "ಅಯ್ಯಾ, ಹೆಣ್ಣು ನೋಡೋ ಶಾಸ್ತ್ರಕ್ಕೆ ಸಿಂಗಾರ ಮಾಡಿದ ಹಾಗೆ ಮಾಡಿದೀರ!"

"ಮನೆಗೆ ಯಾರಾದ್ರೂ ಬಂದ್ರೆ ಒಳ್ಳೆ ತಟ್ಟೆ ಇಡಲ್ವಾ? ಅದರಲ್ಲಿ ಮೋಸ ಏನಿದೆ?"

"ಮೋಸ ಅನ್ನಲಿಲ್ಲ ನಾನು. ಆದರೆ ಒಳ್ಳೆ ತಟ್ಟೆ ನೋಡಿದೋರಿಗೆ ಒಳಗಿನ ಪಾತ್ರೆ ಹೇಗಿದೆ ಅಂತ ಗೊತ್ತಾಗುತ್ತಾ? ಯಸವತಿ ಅಕ್ಕಾ, ಒಂಚೂರು ಅರಿಶಿನ ಪುಡಿ ಕೊಡಿ. ಒಂದು ಕೋಳಿ, ಒಂದು ದೊಡ್ಡ ಚೀಲ, ಒಂದು ಬಿಳಿ ಬಟ್ಟೆ."

ತಂದುಕೊಟ್ಟೆ. ನಿಲ್ಮಿಣಿ ಅರಿಶಿನವನ್ನು ನೀರಿನಲ್ಲಿ ಕಲಸಿ ಅಯ್ಯನ ಕೈಗೇ ಕೊಟ್ಟಳು.

"ಇದೇ ರೋಗಾಣು ಅಂದ್ಕೊಳ್ಳಿ. ನಾನು ಆ ಕಡೆ ತಿರುಗಿರ್ತೀನಿ. ಕೋಳಿ ಮೈಮೇಲೆ ನನಗೆ ಸಿಗದ ಹಾಗೆ ಬಚ್ಚಿಡಿ."

ಬಂಡಾ ಅಯ್ಯನಿಗೆ ಪಂದ್ಯ ಅಂದರೆ ಹುರುಪು. ರೆಕ್ಕೆಯ ಸಂದಿಗೆ ಸವರಿದ. ಕುತ್ತಿಗೆಯ ಸಡಿಲ ಚರ್ಮ ಎತ್ತಿ ಅದರ ಕೆಳಗೆ ಸವರಿದ. ಹೊಟ್ಟೆಯೊಳಗೆ ಕೈ ಹಾಕಿ ಸವರಿದ. "ಈಗ ಹಿಡಿ ನೋಡೋಣ" ಅಂದ.

ನಿಲ್ಮಿಣಿ ತಿರುಗಿ ಬಿಳಿ ಬಟ್ಟೆಯಿಂದ ಎದೆ ಒರೆಸಿದಳು. ಬಟ್ಟೆ ಬೆಳ್ಳಗೇ ಇತ್ತು.

"ನೋಡಿ, ಶುದ್ಧ. ಕಾಗದ ಬರೆದು ಕೊಡ್ಲಾ?"

ನಾವು ಹೆಂಗಸರು ಗೊಳ್ಳೆಂದು ನಕ್ಕೆವು. ಅಯ್ಯನೂ ನಕ್ಕ, ಸ್ವಲ್ಪ ತಡವಾಗಿ.

"ಈಗ ಇಡೀ ಕೋಳೀನ ಚೀಲಕ್ಕೆ ಹಾಕಿ. ನೀರು ಹಾಕ್ತೀನಿ. ಬಾಯಿ ಬಿಗಿಯಾಗಿ ಹಿಡ್ಕೊಂಡು ಚೆನ್ನಾಗಿ ಕುಲುಕಿ. ನೀರು ಹೊಟ್ಟೆ ಒಳಗೂ ಹೋಗ್ಬೇಕು, ಹೊರಗೂ ಬರ್ಬೇಕು."

ಅಯ್ಯ ಚೀಲ ಹಿಡಿದು ಹಿಂದಕ್ಕೂ ಮುಂದಕ್ಕೂ ಕುಲುಕಿದ. ಚೀಲದೊಳಗಿನ ನೀರು ಮೊದಲು ತಿಳಿಯಾಗಿತ್ತು, ಆಮೇಲೆ ಎಳೆ ಹಳದಿ, ಆಮೇಲೆ ಆ ಮದುವೆ ಊಟದ ಅರಿಶಿನ ಅನ್ನದ ಬಣ್ಣ. ಅಯ್ಯನ ಕೈ ತಾನಾಗಿ ನಿಧಾನವಾಯಿತು.

"ಇಡೀ ಕೋಳಿ ತೊಳೆದ ನೀರು ಅಂದ್ರೆ ಇದು. ಒಂದು ಜಾಗ ಒರೆಸಿದರೆ ಆ ಜಾಗದ ಸುದ್ದಿ ಮಾತ್ರ ಗೊತ್ತಾಗುತ್ತೆ. ತೊಳೆದ ನೀರು ಸಂದಿಗೊಂದಿಯದೆಲ್ಲ ಹೇಳುತ್ತೆ. ಒರೆಸೋದು ತಪ್ಪು ಅಂತಲ್ಲ. ಮೇಜು, ಚಾಕು ನೋಡೋಕೆ ಅದು ಒಳ್ಳೇದೇ. ಕೋಳಿಗೆ ಅಷ್ಟೇ ಸಾಲದು" ಅಂದಳು ನಿಲ್ಮಿಣಿ.

ಅಷ್ಟೊತ್ತೂ ನೋಡುತ್ತಿದ್ದ ಅಕ್ಕ ಗಂಡನ ಕಡೆ ತಿರುಗಿದಳು. "ಕೋಳಿ ಅಷ್ಟು ಶುದ್ಧ ಅಂತೀರಲ್ಲ, ಹೀಗೇ ಒಂದ್ಸಲ ನೋಡ್ಲಿ. ಹೆದರಿಕೆ ಯಾಕೆ?"

"ಹೆದರಿಕೆ ಯಾರಿಗೆ? ಹತ್ತು ಸಲ ನೋಡ್ಲಿ!" ಅಂದ ಅಯ್ಯ.

ಪ್ರಯೋಗಾಲಯಕ್ಕೆ ಅರ್ಜಿ ಹೋಯಿತು. ನಿಲ್ಮಿಣಿ ಮತ್ತು ಅವಳ ಜೊತೆಯವರು ಇಂಥ ದಿನ ಅಂತ ಹೇಳದೆ ಬಂದರು. ಅಯ್ಯ ಒಂದು ದಪ್ಪ ಕೋಳಿಗೆ ಕೈ ಹಾಕಿದ. ನಿಲ್ಮಿಣಿ ತಡೆದಳು. "ನೀವು ಆರಿಸೋ ಹಾಗಿಲ್ಲ, ನಾನೂ ಆರಿಸೋ ಹಾಗಿಲ್ಲ. ಚೀಟಿ ಎತ್ತೋಣ. ಬಂದದ್ದು ಬರಲಿ." ಕೆಲಸ ಶುರುವಾದಾಗ ಕೆಲವು, ನಡುವೆ ಕೆಲವು, ಮುಗಿಯುವಾಗ ಕೆಲವು ಅಂತ ತೆಗೆದರು. ತೊಟ್ಟಿಯಿಂದ ಬಂದ ಕೋಳಿಯ ನೀರು ಚೆನ್ನಾಗಿ ಸೋರಿಹೋಗುವವರೆಗೂ ಕಾದರು. ಒಂದೊಂದು ಕೋಳಿಗೂ ಹೊಸ ಕೈಗವಸು ಹಾಕಿಕೊಂಡರು. ತೊಳೆಯುವ ದ್ರಾವಣವನ್ನು ಅವರೇ ಮುಚ್ಚಿದ ಬಾಟಲಿಯಲ್ಲಿ ತಂದಿದ್ದರು.

"ನಮ್ಮ ನಲ್ಲಿ ನೀರು ಆಗಲ್ವಾ?" ಅಂತ ನಾನು ಕೇಳಿದೆ.

"ನಲ್ಲಿ ನೀರಲ್ಲಿ ಕ್ಲೋರಿನ್ ಇದ್ರೆ ಬಾಟಲಿ ಒಳಗೇ ರೋಗಾಣು ಸಾಯುತ್ತೆ ಅಕ್ಕಾ. ಆಗ ಇದ್ದದ್ದೂ ಇಲ್ಲ ಅಂತ ಬರುತ್ತೆ. ನಿಂಬೆಹುಳೀನೂ ಹಾಗೇ ಆಟ ಆಡಿಸುತ್ತೆ." ಅಯ್ಯ ಕೆಮ್ಮಿದ.

ಕೆಲವು ಕೋಳಿಗಳಿಂದ ಕುತ್ತಿಗೆಯ ಚರ್ಮದ ಒಂದು ತುಂಡನ್ನೂ ಕೊಯ್ದುಕೊಂಡರು. ಇದೇಕೆ ಅಂತ ಅಯ್ಯನೇ ಕೇಳಿದ.

"ಕೊಯ್ದ ಮೇಲೆ ಕೋಳೀನ ಹೇಗೆ ನೇತು ಹಾಕ್ತೀರ?"

"ಕಾಲು ಮೇಲೆ, ತಲೆ ಕೆಳಗೆ."

"ಮೈಮೇಲಿನ ನೀರೆಲ್ಲ ಎಲ್ಲಿಗೆ ಇಳಿಯುತ್ತೆ?"

ಅಯ್ಯ ತನ್ನ ಕುತ್ತಿಗೆಯನ್ನೇ ಮುಟ್ಟಿಕೊಂಡ. "ಅರೆ, ಹೌದಲ್ಲ!"

ಬಾಟಲಿಗಳನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಅವತ್ತೇ ಒಯ್ದರು. ಬಿಸಿಲಲ್ಲಿ ಇಟ್ಟರೆ ಒಂದಿದ್ದದ್ದು ಸಾವಿರವಾಗುತ್ತದೆ, ಗಟ್ಟಿ ಹೆಪ್ಪುಗಟ್ಟಿಸಿದರೆ ಇದ್ದದ್ದರಲ್ಲೂ ಕೆಲವು ಸಾಯುತ್ತವೆ. ಎರಡೂ ಸುಳ್ಳು ಹೇಳುತ್ತವೆ. ಹಾಗಾಗಿ ತಣ್ಣಗಿರಬೇಕು, ಅಷ್ಟೆ.

ಫಲಿತಾಂಶ ಹೇಳಲು ನಿಲ್ಮಿಣಿ ಅಯ್ಯನ ಮನೆಗೇ ಬಂದಳು. ಹೇಳುವುದಕ್ಕೆ ಮುಂಚೆಯೇ ಅಕ್ಕನಿಗೆ ಅವಳ ಮುಖದಲ್ಲಿ ಗೊತ್ತಾಯಿತು. ಸಾಲ್ಮೊನೆಲ್ಲಾ ಸಿಕ್ಕಿತ್ತು. ಬೆಳಗಿನ ಕೋಳಿಗಳಲ್ಲಿ ಅಷ್ಟಿಲ್ಲ. ಕೊನೆಯಲ್ಲಿ ತೆಗೆದವುಗಳಲ್ಲಿ ಒಂದನ್ನೂ ಬಿಟ್ಟಿರಲಿಲ್ಲ.

ಬಂಡಾ ಅಯ್ಯ ಕೂಗಾಡಿದ. ಫಾರಂನವರನ್ನು ಬೈದ, ಬಾಟಲಿಯನ್ನು ಬೈದ. ಆಮೇಲೆ ಮೆಟ್ಟಿಲ ಮೇಲೆ ಕೂತ. "ಹಾಗಾದ್ರೆ ಶೆಡ್ಡಿಗೆ ಬೀಗ ಹಾಕ್ಬೇಕು, ಅಷ್ಟೇ ತಾನೇ?" ಅಂದ.

"ಯಾಕೆ ಬೀಗ? ಜ್ವರ ಇದೆ ಅಂತ ಗೊತ್ತಾದ್ರೆ ಮದ್ದು ಮಾಡ್ತಾರೆ, ಮಣ್ಣು ಮಾಡಲ್ಲ" ಅಂದಳು ನಿಲ್ಮಿಣಿ. "ಸರಿ ಹೋಗೋವರೆಗೂ ಮಾರಾಟ ನಿಲ್ಸಿ. ಎಲ್ಲಿಂದ ಬರ್ತಿದೆ ಅಂತ ಹುಡುಕೋಣ. ಕೋಳಿ ಒಂದೊಂದು ಕೆಲಸ ದಾಟಿದ ಮೇಲೂ ಸ್ಯಾಂಪಲ್ ತೆಗೆಯೋಣ. ಎಲ್ಲಿ ಜಾಸ್ತಿ ಆಗುತ್ತೋ ಅಲ್ಲೇ ಕಳ್ಳ ಇರೋದು."

ಪುಕ್ಕ ಕಿತ್ತ ಮೇಲೆ ತೆಗೆದರು. ಕರುಳು ತೆಗೆದ ಮೇಲೆ ತೆಗೆದರು. ತೊಟ್ಟಿಗೆ ಹೋಗುವ ಮುಂಚೆ, ತೊಟ್ಟಿಯಿಂದ ಬಂದ ಮೇಲೆ. ಕಳ್ಳ ಸಿಕ್ಕಿದ್ದು ತೊಟ್ಟಿಯಲ್ಲಿ. ಅಯ್ಯ ಬಹಳ ಹೆಮ್ಮೆಪಡುತ್ತಿದ್ದ ಐಸ್ ತೊಟ್ಟಿ! ಬೆಳಿಗ್ಗೆ ತುಂಬಿಸಿದ ನೀರು ಸಂಜೆವರೆಗೂ ಅದೇ. ಕರಗಿದಂತೆ ಐಸ್ ಸುರಿಯುತ್ತಿದ್ದೆವು, ನೀರು ಬದಲಾಯಿಸುತ್ತಿರಲಿಲ್ಲ. ಒಂದು ಕೋಳಿ ತಂದ ಕೊಳೆಯಲ್ಲಿ ಮಿಕ್ಕ ಕೋಳಿಗಳೆಲ್ಲ ಮೀಯುತ್ತಿದ್ದವು.

ಅಯ್ಯ ತಾನೇ ಇಳಿದು ತೊಟ್ಟಿ ತಿಕ್ಕಿದ. ಒಂದು ಕಡೆಯಿಂದ ಹೊಸ ನೀರು ಬರುವಂತೆ, ಇನ್ನೊಂದು ಕಡೆ ಹಳೇ ನೀರು ತುಂಬಿ ಹರಿದು ಹೋಗುವಂತೆ ಪೈಪು ಹಾಕಿಸಿದ. ತೊಟ್ಟಿಗೆ ಹೋಗುವ ಮುಂಚೆ ಕೋಳಿಯ ಒಳಗೂ ಹೊರಗೂ ನೀರು ಹಾಯಿಸಲು ಒಬ್ಬರನ್ನು ನಿಲ್ಲಿಸಿದ. ಆ ಒಬ್ಬರು ನಾನು.

ಮತ್ತೆ ಪರೀಕ್ಷೆ. ಈ ಸಲ ಎಲ್ಲ ಸರಿಹೋಗಿರುತ್ತದೆ ಅಂತ ಅಯ್ಯ ಹೊಸ ಶರ್ಟು ಹಾಕಿಕೊಂಡು ಕೂತಿದ್ದ. ಆದರೂ ಒಂದೆರಡು ಕೋಳಿಯಲ್ಲಿ ಸಿಕ್ಕಿತು. ಅಕ್ಕನ ಕಣ್ಣು ತುಂಬಿತು. ಆಶ್ಚರ್ಯ ಅಂದರೆ, ಅಯ್ಯ ಕೂಗಾಡಲಿಲ್ಲ.

"ಎಷ್ಟೋ ಕಮ್ಮಿ ಆಯ್ತಲ್ಲ! ಇನ್ನೊಬ್ಬ ಕಳ್ಳ ಇದಾನೆ, ಹುಡುಕೋಣ ಬಾ ತಂಗಿ" ಅಂದ ನಿಲ್ಮಿಣಿಗೆ.

ಪುಕ್ಕ ಕೀಳುವ ಮೆಷಿನ್ನಿನ ರಬ್ಬರ್ ಬೆರಳುಗಳನ್ನು ಅವನೇ ಒಂದೊಂದಾಗಿ ಬಗ್ಗಿಸಿ ನೋಡಿದ. ಹಳೇ ಬೆರಳುಗಳಲ್ಲಿ ಬಿರುಕು, ಬಿರುಕಿನೊಳಗೆ ಕೊಳೆ. ಎಲ್ಲ ಕಿತ್ತು ಹೊಸದು ಹಾಕಿಸಿದ. ಮತ್ತೆ ಚೀಟಿ ಎತ್ತಿದರು, ಮತ್ತೆ ಚೀಲ ಕುಲುಕಿದರು. ಆ ಸಲ ಒಂದು ಬಾಟಲಿಯಲ್ಲೂ ಸಿಗಲಿಲ್ಲ. ಅದರ ಮುಂದಿನ ಸಲವೂ ಸಿಗಲಿಲ್ಲ.

ಅಯ್ಯ ಗೋಡೆಯ ಕಾಗದ ಬದಲಾಯಿಸಲು ಹೊರಟ. ಅಕ್ಕ ತಡೆದಳು. "ಕಾಗದ ಆಮೇಲೆ. ನನ್ನ ತಂಗಿ?"

ತಿಂಗಳ ಮೊದಲ ಭಾನುವಾರ ನಮ್ಮಲ್ಲಿ, ಸಾವಾದ ಮನೆಗೆ ಚಂದಾ ಎತ್ತಿ ಕೊಡುವ ಸಾವಿನ ನೆರವು ಸಂಘದ ಸಭೆ. ಮನೆಗೊಬ್ಬರು ಬರಲೇಬೇಕು. ಸೀಲಾ ಹಿಂದಿನ ಬೆಂಚಿನ ಕೊನೆಯಲ್ಲಿ ಒಬ್ಬಳೇ ಕೂತಿದ್ದಳು. ಚಂದಾ ವಿಷಯ ಮುಗಿದ ಮೇಲೆ ಬಂಡಾ ಅಯ್ಯ ಎದ್ದು ನಿಂತ.

"ಹೇರತ್ ಅವರೇ, ನಿಮ್ಮ ಮನೆ ಊಟದಲ್ಲಿ ಆದದ್ದಕ್ಕೆ ಸೀಲಾ ಕೈ ಕಾರಣ ಅಲ್ಲ. ನನ್ನ ಕೋಳಿ ಕಾರಣ. ಆ ಕೋಳಿ ನೀರು ಸೌತೆಕಾಯಿ ಮೇಲೆ ಸೋರಿದ್ದು ನನ್ನ ಆಟೋದಲ್ಲಿ. ಅವಳು ಕೋಳೀನ ಚೆನ್ನಾಗಿ ಬೇಯಿಸಿದಳು, ಅದಕ್ಕೇ ಸಾರಲ್ಲಿ ಏನೂ ಇರಲಿಲ್ಲ. ಸೌತೆಕಾಯಿ ಯಾರೂ ಬೇಯಿಸಲ್ವಲ್ಲ. ಒಂದು ಕಡೆ ಒರೆಸಿದ ಪರೀಕ್ಷೆ ನಂಬಿಕೊಂಡು ನನ್ನ ನಾದಿನೀನ ಊರೆಲ್ಲ ಆಡಿಕೊಳ್ಳೋಕೆ ಬಿಟ್ಟೆ. ತಪ್ಪಾಯ್ತು."

ಹೇರತ್ ಅವರ ತಾಯಿ ಕೋಲು ಊರಿಕೊಂಡು ಬಂದಿದ್ದರು, ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ. ಅಜ್ಜಿ ನಿಧಾನವಾಗಿ ಎದ್ದು ಹಿಂದಿನ ಬೆಂಚಿಗೆ ಹೋಗಿ ಸೀಲಾಳ ಪಕ್ಕ ಕೂತರು. "ಮೊಮ್ಮಗಳ ಸೀಮಂತ ಹತ್ರ ಬರ್ತಿದೆ ಮಗಾ. ಅಡುಗೆ ನೀನೇ ಮಾಡ್ಬೇಕು" ಅಂದರು.

ಸೀಲಾ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಭಾವನ ಕಡೆ ನೋಡಿ ಗಟ್ಟಿಯಾಗಿ ಹೇಳಿದಳು: "ಮಾಡ್ತೀನಿ ಅಮ್ಮಾ. ಕೋಳಿ ಭಾವನ ಶೆಡ್ಡಿಂದಾನೇ ತರಿಸ್ತೀನಿ. ಆದರೆ ತರಕಾರಿ ತರೋಕೆ ಮಾತ್ರ ಬೇರೆ ಯಾರನ್ನಾದ್ರೂ ಕಳಿಸಿ!"

ಸಭೆ ನಗುವಿನಲ್ಲಿ ಮುಗಿಯಿತು. ಈಗ ಸೀಲಾ ಹಸಿ ಮಾಂಸಕ್ಕೊಂದು, ತರಕಾರಿಗೊಂದು ಅಂತ ಎರಡು ಮಣೆ, ಎರಡು ಚಾಕು ಇಟ್ಟುಕೊಂಡಿದ್ದಾಳೆ. ಶೆಡ್ಡಿನಲ್ಲಿ ಚೀಲಗಳನ್ನು ಸೋರದಂತೆ ಬಿಗಿದು ಕಟ್ಟುತ್ತೇವೆ. ನಿಲ್ಮಿಣಿಯ ಕಡೆಯವರು ಆಗಾಗ, ಹೇಳದೇ, ಬರುತ್ತಾರೆ. ಬಂಡಾ ಅಯ್ಯ ಈಗ ಕೋಳಿ ಆರಿಸಿ ಕೊಡಲು ಬರುವುದಿಲ್ಲ. ಚೀಟಿ ಎತ್ತಲು ಬರುತ್ತಾನೆ.

ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಕೋಳಿ ಕೊಯ್ದು ಮಾರುವವರು ನೀವಾಗಿದ್ದರೆ ಕೇಳಿ. ಪರೀಕ್ಷೆ ಮಾಡಿಸಿ, ಆದರೆ ಸರಿಯಾಗಿ ಮಾಡಿಸಿ. ಚೆಂದದ ಕೋಳಿ ಆರಿಸಿ ಕೊಡಬೇಡಿ, ಸಿಂಗರಿಸಿ ಕೊಡಬೇಡಿ. ಇಡೀ ಕೋಳಿ ತೊಳೆದ ನೀರನ್ನು, ಇಲ್ಲವೇ ಕುತ್ತಿಗೆಯ ಚರ್ಮವನ್ನು ನೋಡಲು ಹೇಳಿ. ಒಂದೇ ಕೋಳಿಗೆ, ಒಂದೇ ಹೊತ್ತಿಗೆ ನಿಲ್ಲಿಸಬೇಡಿ. ರೋಗಾಣು ಸಿಕ್ಕರೆ ಅವಮಾನ ಅಂದುಕೊಳ್ಳಬೇಡಿ. ಸಿಕ್ಕಿತು ಅಂದರೆ ಓಡಿಸುವ ದಾರಿಯೂ ಸಿಕ್ಕಿತು ಅಂತ ತಿಳಿಯಿರಿ.

ಕೊಳ್ಳುವವರು ನೀವಾಗಿದ್ದರೆ, "ಪರೀಕ್ಷೆ ಆಗಿದೆ" ಅಂದ ಕೂಡಲೇ ತಲೆಯಾಡಿಸಿ ಬರಬೇಡಿ. "ಹೇಗೆ ಮಾಡಿದ್ರು?" ಅಂತ ಒಂದು ಮಾತು ಕೇಳಿ. ಯಾವ ಪರೀಕ್ಷೆ ಆಗಿದ್ದರೂ ಹಸಿ ಕೋಳಿಯನ್ನು ತರಕಾರಿಯಿಂದ ದೂರ, ಕೆಳಗೆ ಇಡಿ. ಮೂಳೆಯ ಹತ್ತಿರ ಕೆಂಪು ಉಳಿಯದ ಹಾಗೆ ಬೇಯಿಸಿ. ಹಸಿ ಮಾಂಸ ಮುಟ್ಟಿದ ಕೈಯನ್ನು ಸೋಪು ಹಚ್ಚಿ ತೊಳೆಯಿರಿ.

ಮತ್ತೆ, ಊರಲ್ಲಿ ಯಾರದಾದರೂ ಹೊಟ್ಟೆ ಕೆಟ್ಟರೆ, ಅಡುಗೆಯವಳ ಕಡೆ ಬೆರಳು ತೋರಿಸುವ ಮುಂಚೆ ಸ್ವಲ್ಪ ತಾಳಿ. ಮೊದಲು ಸರಿಯಾದ ಪರೀಕ್ಷೆ ಮಾಡಿಸಿ.